ಕರೆಂಟ್ ಬಂದ ಮೇಲಿನ ಹತ್ತು ಸೆಕೆಂಡು

ರಾತ್ರಿ ಎರಡು ಗಂಟೆ. ಬಯಲುಸೀಮೆಯ ಯಾವುದೋ ಅಡಿಕೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬರುತ್ತದೆ. ಪಂಪ್‌ಹೌಸಿನ ಗೋಡೆಗೆ ನೇತುಹಾಕಿದ ಡಬ್ಬಿಯಲ್ಲಿ ಸಣ್ಣದೊಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ತೋಟದ ಯಜಮಾನರು ಊರೊಳಗಿನ ಮನೆಯಲ್ಲಿ ಗಾಢ ನಿದ್ದೆಯಲ್ಲಿದ್ದಾರೆ. ಕೆಲವು ವರ್ಷಗಳ ಹಿಂದಾಗಿದ್ದರೆ ಈ ಹೊತ್ತಿನಲ್ಲಿ ಎದ್ದು, ಟಾರ್ಚ್ ಹಿಡಿದು, ಹಾವು ಚೇಳಿನ ಅಂಜಿಕೆಯಲ್ಲಿ ಬದುವಿನ ಮೇಲೆ ನಡೆದು ಹೋಗಿ ಹಸಿರು ಗುಂಡಿ ಒತ್ತಬೇಕಿತ್ತು. ಈಗ ಆ ಕೆಲಸ ಡಬ್ಬಿಯದು. ಅದು ಹತ್ತು ಸೆಕೆಂಡು ಸುಮ್ಮನಿರುತ್ತದೆ. ಆಮೇಲೆ ಟಕ್ಕೆಂಬ ಸದ್ದು. ಐನೂರು ಅಡಿ ಆಳದಲ್ಲಿ ಮೋಟಾರು ತಿರುಗತೊಡಗುತ್ತದೆ.

ಸುಮ್ಮನಿರುತ್ತದೆ ಎಂಬುದು ಹೊರಗಿನಿಂದ ನೋಡಿದವರ ಮಾತು. ಒಳಗೆ ಬಿಡುವಿಲ್ಲದ ಕೆಲಸ. ಮೂರೂ ಫೇಸ್ ಬಂದಿವೆಯೇ? ಒಂದು ತಪ್ಪಿದ್ದರೂ ಮೋಟಾರು ಉಳಿದೆರಡರ ಮೇಲೆ ಹೆಣಗಾಡಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಫೇಸುಗಳ ಸರದಿ ಸರಿಯಾಗಿದೆಯೇ? ಅದಲುಬದಲಾಗಿದ್ದರೆ ಪಂಪು ಹಿಮ್ಮುಖವಾಗಿ ತಿರುಗುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕೆ ನಿಂತಿದೆಯೇ? ನಿನ್ನೆ ಬೋರ್‌ವೆಲ್ ಬರಿದಾಗಿ ಮೋಟಾರನ್ನು ತಾನೇ ನಿಲ್ಲಿಸಿದ್ದ ನೆನಪು ಉಳಿದಿದೆಯೇ? ಇಷ್ಟನ್ನೂ ವಿಚಾರಿಸಿ ತೀರ್ಮಾನಕ್ಕೆ ಬರುವುದು ಬೆರಳಿನ ಉಗುರಿನಷ್ಟು ಅಗಲದ ಒಂದು ಚಿಪ್. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಕೇಳಲು ಎದುರಿಗೆ ಮನುಷ್ಯರೂ ಇಲ್ಲ.

ಇಂಥ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ಇನ್ನೊಂದು ಯಂತ್ರದ ಹೊಟ್ಟೆಯೊಳಗೆ ಕೂತು, ಆ ಯಂತ್ರದ ಹೆಸರಿನಲ್ಲೇ ಕರೆಸಿಕೊಳ್ಳುವ ಕಂಪ್ಯೂಟರ್. ವಾಷಿಂಗ್ ಮೆಷಿನ್, ಲಿಫ್ಟ್, ಹಾಲಿನ ಡೇರಿಯ ಫ್ಯಾಟ್ ಅಳೆಯುವ ಯಂತ್ರ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರ ಎಲ್ಲವೂ ಈ ಕುಲದವು. ಮೇಜಿನ ಮೇಲಿನ ಕಂಪ್ಯೂಟರಿಗಿಂತ ಇದು ಹೊಸದೆಂದು ಭಾವಿಸುವವರು ಒಂದು ಸಂಗತಿ ತಿಳಿಯಬೇಕು. 1971ರಲ್ಲಿ ಇಂಟೆಲ್ ಕಂಪನಿ ಮಾರುಕಟ್ಟೆಗೆ ತಂದ 4004 ಎಂಬ ಮೈಕ್ರೊಪ್ರೊಸೆಸರ್ ಹುಟ್ಟಿದ್ದೇ ಜಪಾನಿನ ಬಿಸಿಕಾಮ್ ಕಂಪನಿಯ ಕ್ಯಾಲ್ಕ್ಯುಲೇಟರ್ ಒಳಗೆ ಕೂರುವುದಕ್ಕೆ. ಅದರಲ್ಲಿದ್ದದ್ದು 2,300 ಟ್ರಾನ್ಸಿಸ್ಟರ್. ಯಂತ್ರದ ಹೊಟ್ಟೆಯೊಳಗೆ ಹುಟ್ಟಿದ ಮೇಲೆಯೇ ಅದರ ಸಂತತಿ ಮೇಜಿನ ಮೇಲೆ ಬಂದು ಕೂತಿತು.

ನಮ್ಮ ರಸ್ತೆಗಳಲ್ಲಂತೂ ಈ ಬದಲಾವಣೆ ಕಣ್ಣೆದುರೇ ಆಯಿತು. 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಬಂದಾಗ ಬಹುತೇಕ ಸ್ಕೂಟರು ಬೈಕುಗಳ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಸ್ಕ್ರೂಡ್ರೈವರ್ ತಿರುಗಿಸಿ ಕಿವಿಯಿಂದಲೇ ಇಂಜಿನ್ ಹದ ಮಾಡುತ್ತಿದ್ದ ಮೆಕ್ಯಾನಿಕ್ ಈಗ ಸ್ಕ್ಯಾನರ್ ಸಿಕ್ಕಿಸಿ ಎರರ್ ಕೋಡ್ ಓದುತ್ತಾರೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಇಂಜಿನ್ ಒಂದು ಸುತ್ತಿಗೆ ತೆಗೆದುಕೊಳ್ಳುವುದು 10 ಮಿಲಿಸೆಕೆಂಡು. ಒಂದೇ ಒಂದು ಡಿಗ್ರಿಗೆ ಸುಮಾರು 28 ಮೈಕ್ರೊಸೆಕೆಂಡು. ಕಿಡಿ ಹಾರಬೇಕಾದ್ದು ಆ ಅಳತೆಯಲ್ಲಿ. ಲೆಕ್ಕ ಎಷ್ಟೇ ಸರಿಯಿದ್ದರೂ ಉತ್ತರ ಬರುವಾಗ ಪಿಸ್ಟನ್ ಮುಂದೆ ಹೋಗಿಬಿಟ್ಟಿದ್ದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಎಂಬೆಡೆಡ್ ವಿನ್ಯಾಸ ಕಲಿಯುವವರಿಗೆ ಬಹಳ ಕಷ್ಟದಲ್ಲಿ ಒಗ್ಗುವ ಮಾತು ಇದೇ. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಎಂದರೆ ಸರಿಯುತ್ತರ ತರುವುದು. ಇಲ್ಲಿ ಸರಿಯುತ್ತರದ ಜೊತೆಗೆ ವೇಳೆಯೂ ಉತ್ತರದ ಭಾಗ. ಜೊತೆಗೆ ಹೊರಗಿನ ಜಗತ್ತು ಪಠ್ಯಪುಸ್ತಕದಂತೆ ನಡೆದುಕೊಳ್ಳುವುದಿಲ್ಲ.

ಆ ಜಗತ್ತಿನ ಮೊದಲ ಪೆಟ್ಟು ಬೀಳುವುದು ಬಹಳ ಸಣ್ಣ ಜಾಗದಲ್ಲಿ. ವಿದ್ಯಾರ್ಥಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರ್ಡುಯಿನೊ ಬೋರ್ಡೊಂದನ್ನು ತರುತ್ತಾನೆ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದವರೂ ಕಲಿಯಲಿ ಎಂದು ಹುಟ್ಟಿದ ಬೋರ್ಡು ಅದು. ಮೊದಲ ಸಂಜೆ ಎಲ್‌ಇಡಿ ಮಿನುಗುತ್ತದೆ, ಖುಷಿಯಾಗುತ್ತದೆ. ಎರಡನೇ ಸಂಜೆ ಒಂದು ಗುಂಡಿ ಸೇರಿಸಿ, ಎಷ್ಟು ಸಲ ಒತ್ತಿದೆ ಎಂದು ಎಣಿಸುವ ಪ್ರೋಗ್ರಾಮ್ ಬರೆಯುತ್ತಾನೆ. ಒಮ್ಮೆ ಒತ್ತಿದರೆ ಎಣಿಕೆ ಮೂರಕ್ಕೆ ಹೋಗುತ್ತದೆ. ಮತ್ತೆ ಒತ್ತಿದರೆ ಏಳು. ಪ್ರೋಗ್ರಾಮನ್ನು ಹತ್ತು ಸಲ ಓದಿದರೂ ತಪ್ಪು ಸಿಗುವುದಿಲ್ಲ. ತಪ್ಪು ಅಲ್ಲಿ ಇಲ್ಲವೇ ಇಲ್ಲ. ಗುಂಡಿಯೊಳಗಿನ ಲೋಹದ ಎಲೆ ಇನ್ನೊಂದು ಲೋಹಕ್ಕೆ ತಾಗಿದಾಗ ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಬೆರಳಿಗೆ ಅದು ತಿಳಿಯದು. 16 ಮೆಗಾಹರ್ಟ್ಸ್ ಚಿಪ್‌ಗೆ ಒಂದು ಮಿಲಿಸೆಕೆಂಡೆಂದರೆ 16,000 ಗಡಿಯಾರದ ಬಡಿತ. ಅಷ್ಟು ಹೊತ್ತಿನಲ್ಲಿ ಅದು ಪ್ರತಿ ಪುಟಿತವನ್ನೂ ನೋಡಿ, ಪ್ರಾಮಾಣಿಕವಾಗಿ ಎಣಿಸಿರುತ್ತದೆ. ಪರಿಹಾರ ಸುಲಭವೇ: ಮೊದಲ ಸ್ಪರ್ಶದ ಮೇಲೆ ಇಪ್ಪತ್ತು ಮಿಲಿಸೆಕೆಂಡು ಬಿಟ್ಟು ಮತ್ತೆ ನೋಡಿದರಾಯಿತು. ಪರಿಹಾರಕ್ಕಿಂತ ಮುಖ್ಯವಾದದ್ದು ಆ ಸಂಜೆಯ ದಿಗಿಲು. ‘ಗುಂಡಿ ಒತ್ತಿದೆ’ ಎಂಬುದು ಕೂಡ ಒಂದು ಸಂಗತಿಯಲ್ಲ, ಹಲವು ಸಂಗತಿಗಳ ಮೊತ್ತ ಎಂಬ ಅರಿವು ಅಲ್ಲಿ ಮೊಳೆಯುತ್ತದೆ.

ಎರಡನೆಯ ಪೆಟ್ಟು ಜಾಗದ್ದು. ಆರ್ಡುಯಿನೊ ಯುನೊ ಮೇಲಿರುವ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರೋಗ್ರಾಮಿಗೆ 32 ಕಿಲೊಬೈಟ್, ಕೆಲಸ ಮಾಡುವಾಗಿನ ನೆನಪಿಗೆ 2 ಕಿಲೊಬೈಟ್. ಕನ್ನಡದ ಒಂದೊಂದು ಸಂಕೇತ ಯೂನಿಕೋಡಿನ ಯುಟಿಎಫ್–8 ರೂಪದಲ್ಲಿ 3 ಬೈಟ್ ತಿನ್ನುತ್ತದೆ. ಅಂದರೆ ಈ ಲೇಖನದ ದೊಡ್ಡದೊಂದು ಪ್ಯಾರಾ ಹಿಡಿಸುವುದರೊಳಗೆ ಆ ನೆನಪು ತುಂಬಿಹೋಗುತ್ತದೆ. ನಮ್ಮ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ತಲೆಮಾರು ಕಲಿತ ಇಂಟೆಲ್ 8051 ಇನ್ನೂ ಬಡಪಾಯಿ. 1980ರಲ್ಲಿ ಬಂದ ಆ ಚಿಪ್‌ನಲ್ಲಿದ್ದ ನೆನಪು ಬರೀ 128 ಬೈಟ್. ಇದು ಹಳೆಯ ಕಾಲದ ಬಡತನವೆಂದು ತಳ್ಳಿಹಾಕಬಾರದು. ಲಕ್ಷಗಟ್ಟಲೆ ಡಬ್ಬಿ ತಯಾರಿಸುವವರಿಗೆ ಚಿಪ್ಪೊಂದರ ಮೇಲೆ ಉಳಿಸಿದ ಎರಡು ರೂಪಾಯಿಯೂ ದೊಡ್ಡ ಮೊತ್ತ. ಜೊತೆಗೆ, ಸಣ್ಣ ಜಾಗದಲ್ಲಿ ಬಾಳುವವರು ಪ್ರತಿ ಪಾತ್ರೆ ಎಲ್ಲಿದೆ ಎಂದು ಬಲ್ಲರು. ಆ ಬಲ್ಮೆ ಮುಂದೆ ಕೈಹಿಡಿಯುತ್ತದೆ.

ಅದು ಎಷ್ಟರ ಮಟ್ಟಿಗೆ ಕೈಹಿಡಿಯಬಲ್ಲದು ಎಂಬುದಕ್ಕೆ 1969ರ ಜುಲೈ 20ರ ಕತೆ ಸಾಕು. ಅಪೊಲೊ–11ರ ಈಗಲ್ ನೌಕೆ ಚಂದ್ರನ ನೆಲದತ್ತ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ ‘1202’ ಎಂಬ ಎಚ್ಚರಿಕೆ ತೋರಿಸಿತು. ಮತ್ತೆ ಮತ್ತೆ ತೋರಿಸಿತು. ಎಂಐಟಿಯ ಪ್ರಯೋಗಾಲಯದಲ್ಲಿ ವಿನ್ಯಾಸಗೊಂಡ ಆ ಕಂಪ್ಯೂಟರಿನಲ್ಲಿ ಅಳಿಸಿ ಬರೆಯಬಹುದಾದ ನೆನಪು 2,048 ಪದಗಳಷ್ಟು. ಪ್ರೋಗ್ರಾಮಿದ್ದದ್ದು 36,864 ಪದಗಳ ಸ್ಥಿರ ನೆನಪಿನಲ್ಲಿ. ಅದನ್ನು ಕಾರ್ಖಾನೆಯ ಹೆಂಗಸರು ಸಣ್ಣ ಕಾಂತೀಯ ಉಂಗುರಗಳ ಒಳಗೂ ಹೊರಗೂ ತಂತಿ ಪೋಣಿಸಿ ಅಕ್ಷರಶಃ ನೇಯ್ದಿದ್ದರು. ಇಳಿಯುವ ಹೊತ್ತಿಗೆ ಬೇಕಿಲ್ಲದ ಒಂದು ರೇಡಾರ್ ಸುಳ್ಳು ಸಂಕೇತಗಳನ್ನು ಸುರಿದು ಕಂಪ್ಯೂಟರಿನ ಸಮಯವನ್ನು ಕದಿಯತೊಡಗಿತ್ತು. ಮಾಡಲು ಕೆಲಸ ಹೆಚ್ಚು, ಸಮಯ ಕಡಿಮೆ. ಹಾಲ್ ಲ್ಯಾನಿಂಗ್ ರೂಪಿಸಿದ ಕೆಲಸ ಹಂಚುವ ವ್ಯವಸ್ಥೆ ಮತ್ತು ಮಾರ್ಗರೆಟ್ ಹ್ಯಾಮಿಲ್ಟನ್ ಮುಂದಾಳತ್ವದ ತಂಡ ಕಟ್ಟಿದ ಸಾಫ್ಟ್‌ವೇರ್ ಅಂಥ ದಿನಕ್ಕೇ ಸಿದ್ಧವಾಗಿದ್ದವು. ಪ್ರತಿ ಸಲವೂ ಕಂಪ್ಯೂಟರ್ ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು ಕ್ಷಣದಲ್ಲಿ ಮರುಪ್ರಾರಂಭವಾಯಿತು. ನೌಕೆಯನ್ನು ನಡೆಸುವುದು, ಇಂಜಿನ್ ಹಿಡಿತದಲ್ಲಿಡುವುದು ಮೊದಲಾದ ಬಿಡಲಾಗದ ಕೆಲಸಗಳನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿತು. ನೌಕೆ ಇಳಿಯಿತು.

ಯಾವುದನ್ನು ಬಿಡಬಹುದು ಎಂದು ಮೊದಲೇ ತೀರ್ಮಾನಿಸಿಕೊಂಡಿರುವುದು ವಿನ್ಯಾಸದ ದೊಡ್ಡ ಪಾಠ. ಆದರೆ ಕೆಲಸಗಳಿಗೆ ಮೇಲು ಕೀಳಿನ ಸರದಿ ಹಚ್ಚಿದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾಥ್‌ಫೈಂಡರ್ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೇ ರಿಸೆಟ್ ಆಗತೊಡಗಿತು. ಆದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ. ಕಾರಣ ತಿಳಿಯಲು ಮದುವೆ ಮನೆಯ ಅಡುಗೆ ಶಾಲೆಗೆ ಹೋದರೆ ಸಾಕು. ಮುಖ್ಯ ಭಟ್ಟರಿಗೆ ಸಾರಿಗೆ ಸೌಟು ಬೇಕು. ಸೌಟು ಒಂದೇ, ಅದು ಸಹಾಯಕ ಹುಡುಗನ ಕೈಯಲ್ಲಿದೆ. ಎರಡು ನಿಮಿಷ ಬಿಟ್ಟರೆ ಅವನು ಕೆಲಸ ಮುಗಿಸಿ ಕೊಡುತ್ತಾನೆ. ಅಷ್ಟರಲ್ಲಿ ನಡುವಿನ ದರ್ಜೆಯವರು ಬಂದು ‘ಅದು ಆಮೇಲೆ, ಮೊದಲು ಇದು ಮಾಡು’ ಎಂದು ಹುಡುಗನನ್ನು ಬೇರೆಡೆಗೆ ಅಟ್ಟುತ್ತಲೇ ಇರುತ್ತಾರೆ. ಅವರು ಭಟ್ಟರಿಗೆ ಅಡ್ಡಿ ಮಾಡಬೇಕೆಂದು ಹೊರಟವರಲ್ಲ. ಆದರೂ ಸಾರು ಸೀಯುತ್ತದೆ. ಮಂಗಳನ ಮೇಲೆ ಭಟ್ಟರ ಜಾಗದಲ್ಲಿದ್ದದ್ದು ಮಾಹಿತಿ ಸಾಗಿಸುವ ಬಸ್‌ನ ಉಸ್ತುವಾರಿ ಕೆಲಸ, ಹುಡುಗನ ಜಾಗದಲ್ಲಿ ಹವಾಮಾನದ ಅಳತೆ, ನಡುವೆ ಸಂಪರ್ಕದ ಕೆಲಸ.

ಇದಕ್ಕೆ ಮದ್ದು ಆಗಲೇ ಸಿದ್ಧವಿತ್ತು. ಸೌಟು ಹಿಡಿದಷ್ಟು ಹೊತ್ತು ಹುಡುಗನಿಗೂ ಭಟ್ಟರ ದರ್ಜೆಯನ್ನೇ ಕೊಟ್ಟರೆ ಯಾರೂ ಅವನನ್ನು ಕದಲಿಸುವಂತಿಲ್ಲ. ಲುಯಿ ಶಾ, ರಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೊಸ್ಕಿ 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಗಣಿತದ ಕಟ್ಟಿನಲ್ಲಿ ವಿವರಿಸಿದ್ದರು. ಪಾಥ್‌ಫೈಂಡರ್ ಬಳಸಿದ್ದ ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಆ ಸೌಲಭ್ಯವೂ ಇತ್ತು, ಆದರೆ ಆ ಒಂದು ಕಡೆ ಆಫ್ ಆಗಿತ್ತು. ಎಂಜಿನಿಯರುಗಳು ಭೂಮಿಯ ಮೇಲಿದ್ದ ಪ್ರತಿಕೃತಿಯಲ್ಲಿ ಅದೇ ದೋಷ ಮರುಕಳಿಸುವವರೆಗೂ ಪಟ್ಟು ಹಿಡಿದು ಕೂತರು. ಆಮೇಲೆ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ಇಲ್ಲಿ ನೌಕೆಯನ್ನು ಅಲ್ಲಿಯವರೆಗೆ ಬದುಕಿಸಿದ ಆ ರಿಸೆಟ್ಟಿನ ಹೆಸರನ್ನೂ ಹೇಳಬೇಕು: ವಾಚ್‌ಡಾಗ್. ಪ್ರೋಗ್ರಾಮು ಆಗಾಗ ‘ಇದ್ದೇನೆ’ ಎಂದು ಒಂದು ಟೈಮರಿಗೆ ತಿಳಿಸುತ್ತಿರಬೇಕು. ನಿಗದಿತ ಹೊತ್ತಿನೊಳಗೆ ಆ ದನಿ ಕೇಳದಿದ್ದರೆ ಟೈಮರು ಇಡೀ ಯಂತ್ರವನ್ನು ರಿಸೆಟ್ ಮಾಡುತ್ತದೆ. ಇಂದು ಮಾರುಕಟ್ಟೆಯ ಸಾಮಾನ್ಯ ಮೈಕ್ರೊಕಂಟ್ರೋಲರುಗಳಲ್ಲೂ ಆ ಕಾವಲುನಾಯಿ ಇರುತ್ತದೆ. ಹೊಸಬರು ಅದನ್ನು ಎಬ್ಬಿಸುವುದನ್ನೇ ಮರೆಯುತ್ತಾರೆ.

ಇನ್ನು ಕೆಲವು ಪಾಠಗಳಿಗೆ ಮನುಷ್ಯರು ಪ್ರಾಣ ಕೊಟ್ಟಿದ್ದಾರೆ. ಅವನ್ನು ಬೇಗ ಬೇಗ ಹೇಳಿ ಮುಗಿಸುವುದು ಸರಿಯಲ್ಲ.

ಕೆನಡಾದ ಎಇಸಿಎಲ್ ತಯಾರಿಸಿದ ಥೆರಾಕ್–25 ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನರಿಗೆ ಅದು ವಿಪರೀತ ವಿಕಿರಣ ಹಾಯಿಸಿತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಟೆಕ್ಸಾಸಿನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದವರು ಅನುಭವಸ್ಥರು, ಅವರ ಬೆರಳು ಚುರುಕು. ಎಕ್ಸ್–ರೇ ಎಂದು ತಪ್ಪಾಗಿ ಒತ್ತಿದ್ದನ್ನು ತಕ್ಷಣ ಎಲೆಕ್ಟ್ರಾನ್ ಎಂದು ತಿದ್ದಿದರು. ಯಂತ್ರದ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಆ ಎಂಟು ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿ ಪರದೆಯ ಮೇಲೆ ಕಂಡಿತು, ಯಂತ್ರದ ಇನ್ನೊಂದು ಭಾಗಕ್ಕೆ ತಲುಪಲಿಲ್ಲ. ಪರದೆ ‘ಮಾಲ್‌ಫಂಕ್ಷನ್ 54’ ಎಂದಿತು. ಅದರ ಅರ್ಥ ನಡೆಸುವವರಿಗೆ ಯಾರೂ ಹೇಳಿರಲಿಲ್ಲ. ಮುಂದುವರಿಸುವ ಗುಂಡಿ ಮಾತ್ರ ಕೊಟ್ಟಿದ್ದರು. ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವವರು ಕೂತು, ಅದೇ ವೇಗದಲ್ಲಿ ಮತ್ತೆ ಮತ್ತೆ ಟೈಪ್ ಮಾಡಿ ಆ ದೋಷವನ್ನು ಹಿಡಿದರು. ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದವರಿಗೆ ಅದು ಎಂದೂ ಕಾಣುತ್ತಿರಲಿಲ್ಲ.

ಎರಡನೆಯ ದೋಷ ಇನ್ನೂ ಸಣ್ಣದು. ‘ಇನ್ನೂ ಪರಿಶೀಲಿಸಬೇಕು’ ಎಂದು ಸೂಚಿಸಲು ಒಂದು ಬೈಟ್ ಇಟ್ಟಿದ್ದರು. ಅದರಲ್ಲಿ ಸೊನ್ನೆಯಲ್ಲದ ಯಾವುದಾದರೂ ಸಂಖ್ಯೆ ಇದ್ದರೆ ಪರಿಶೀಲನೆ ನಡೆಯುತ್ತಿತ್ತು. ಅಲ್ಲಿ 1 ಎಂದು ಬರೆಯುವ ಬದಲು ಪ್ರತಿ ಸಲ ಒಂದನ್ನು ಕೂಡುತ್ತ ಹೋದರು. ಬೈಟಿನಲ್ಲಿ 255ರ ಮುಂದೆ ಬರುವುದು ಸೊನ್ನೆ. 256 ಸಲಕ್ಕೊಮ್ಮೆ, ಸರಿಯಾಗಿ ಆ ಗಳಿಗೆಯಲ್ಲಿ ಗುಂಡಿ ಒತ್ತಿದರೆ, ಪರಿಶೀಲನೆಯೇ ಇಲ್ಲದೆ ಕಿರಣ ಹೊರಟಿತು. ಹಿಂದಿನ ಥೆರಾಕ್–20 ಯಂತ್ರದಲ್ಲೂ ಸಾಫ್ಟ್‌ವೇರ್ ದೋಷವಿತ್ತು. ಆದರೆ ಅಲ್ಲಿ ತಪ್ಪು ಹೊಂದಾಣಿಕೆಯಾದರೆ ವಿದ್ಯುತ್ತನ್ನೇ ಕಡಿಯುವ ಪ್ರತ್ಯೇಕ ಹಾರ್ಡ್‌ವೇರ್ ತಡೆಗಳಿದ್ದವು. ಫ್ಯೂಸ್ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತು. ಹೊಸ ಯಂತ್ರದಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆಂದು ಆ ತಡೆಗಳನ್ನು ತೆಗೆದಿದ್ದರು. ನ್ಯಾನ್ಸಿ ಲೆವ್ಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಬರೆದ ತನಿಖಾ ಪ್ರಬಂಧದಲ್ಲಿ ಇದೆಲ್ಲ ದಾಖಲಾಗಿದೆ. ಎಂಬೆಡೆಡ್ ಕಲಿಸುವ ಪ್ರತಿ ತರಗತಿಯಲ್ಲಿ, ಮೊದಲ ಪ್ರೋಗ್ರಾಮಿಗಿಂತ ಮುಂಚೆಯೇ ಅದನ್ನು ಓದಿಸಬೇಕು.

ಪಂಪಿನ ಡಬ್ಬಿಗೆ ಮರಳೋಣ. ಅಲ್ಲಿ ಸುರಕ್ಷಿತ ಸ್ಥಿತಿ ಯಾವುದು? ಮೋಟಾರು ನಿಂತಿರುವುದು. (ಎಲ್ಲ ಯಂತ್ರಕ್ಕೂ ಹೀಗಲ್ಲ. ಹಾರುತ್ತಿರುವ ವಿಮಾನದ ಇಂಜಿನ್ನಿಗೆ ನಿಲ್ಲುವುದು ಸುರಕ್ಷಿತವಲ್ಲ.) ಹಾಗಾದರೆ ಚಿಪ್ ಕೆಟ್ಟರೂ, ತಂತಿ ಕಿತ್ತರೂ, ಪ್ರೋಗ್ರಾಮು ಗರಬಡಿದು ನಿಂತರೂ ಮೋಟಾರು ನಿಲ್ಲಬೇಕು. ರಿಸೆಟ್ ಆದ ಕ್ಷಣ ಚಿಪ್ಪಿನ ಕಾಲುಗಳು ಹೌದೂ ಅಲ್ಲ ಇಲ್ಲವೂ ಅಲ್ಲದ ಸ್ಥಿತಿಯಲ್ಲಿ ತೇಲುತ್ತಿರುತ್ತವೆ. ಆಗ ರಿಲೇ ತಾನಾಗಿ ಎಳೆದುಕೊಳ್ಳದಂತೆ ಹತ್ತು ಕಿಲೊ ಓಮ್‌ನ ಒಂದು ರೆಸಿಸ್ಟರನ್ನು ನೆಲಕ್ಕೆ ಕಟ್ಟಬೇಕು. ಅದರ ಬೆಲೆ ಪೈಸೆಗಳಲ್ಲಿ. ಅದಿಲ್ಲದೆ ಕಟ್ಟಿದ ಡಬ್ಬಿ ಲ್ಯಾಬಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಲ್ಯಾಬಿನಲ್ಲಿ ನಡೆದದ್ದು ತೋಟದಲ್ಲಿ ನಡೆಯದಿರುವುದಕ್ಕೆ ಕಾರಣಗಳು ಸಾಲುಗಟ್ಟಿವೆ. ಮೋಟಾರಿಗೆ ಕರೆಂಟ್ ಹಾಯಿಸುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಟ್ಟಾಗ ಅದರ ಕಾಯಿಲ್‌ನಲ್ಲಿ ಎದ್ದ ವಿದ್ಯುತ್ ಅಲೆ ಚಿಪ್‌ಗೆ ನುಗ್ಗಿ ರಿಸೆಟ್ ಮಾಡುತ್ತದೆ. ಅದನ್ನು ನುಂಗಲು ಕಾಯಿಲ್‌ಗೆ ಅಡ್ಡಲಾಗಿ ರೆಸಿಸ್ಟರು ಕೆಪಾಸಿಟರುಗಳ ಜೋಡಿ ಬೇಕು. ನೀರು ಬರಿದಾದರೆ ಮೋಟಾರು ಎಳೆಯುವ ಕರೆಂಟ್ ಇಳಿಯುತ್ತದೆ, ಅದನ್ನು ನೋಡಿ ನಿಲ್ಲಿಸಬೇಕು. ಇಲ್ಲವಾದರೆ ತಂಪು ಮಾಡುವ ನೀರಿಲ್ಲದೆ ಮೋಟಾರು ಸುಡುತ್ತದೆ, ಪೈಪು ಎತ್ತಿಸುವ ಖರ್ಚು ಬೇರೆ. ಹೆಚ್ಚು ಎಳೆದರೂ ನಿಲ್ಲಿಸಬೇಕು. ಆದರೆ ನೇರವಾಗಿ ಶುರುವಾಗುವ ಮೋಟಾರು ಮೊದಲ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಎಳೆಯುವುದು ಸಹಜ. ಅಂದರೆ ಅದೇ ಅಂಕಿ ಮೊದಲ ಸೆಕೆಂಡಿನಲ್ಲಿ ಆರೋಗ್ಯ, ನೂರನೇ ಸೆಕೆಂಡಿನಲ್ಲಿ ರೋಗ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟುತ್ತದೆ. ಬೆಚ್ಚಗಿದೆಯೆಂದು ಹಲ್ಲಿ ಬಂದು ಕಾಂಟ್ಯಾಕ್ಟರಿನ ನಡುವೆ ಸಿಕ್ಕಿಕೊಳ್ಳುತ್ತದೆ. ಯಾವ ಡೇಟಾಶೀಟಿನಲ್ಲೂ ಹಲ್ಲಿಯ ಪ್ರಸ್ತಾಪವಿಲ್ಲ.

ಇನ್ನೊಂದು ಕಾರಣ ಕಾಲ. ಕರೆಂಟ್ ಹೋದರೂ ನೆನಪುಳಿಯಲೆಂದು ವಿದ್ಯಾರ್ಥಿ ಮೋಟಾರಿನ ಸ್ಥಿತಿಯನ್ನು ಸೆಕೆಂಡಿಗೊಮ್ಮೆ ಚಿಪ್‌ನ ಇಇಪ್ರಾಮ್‌ಗೆ ಬರೆಯುತ್ತಾನೆ. ಎಟಿಮೆಗಾ328ಪಿಯ ಡೇಟಾಶೀಟ್ ಒಂದು ಜಾಗದಲ್ಲಿ 1,00,000 ಸಲ ಬರೆಯಲು ಭರವಸೆ ಕೊಡುತ್ತದೆ. ಕೇಳಲು ದೊಡ್ಡ ಸಂಖ್ಯೆ. ಸೆಕೆಂಡಿಗೊಂದರಂತೆ ಅದು 28 ಗಂಟೆಯೊಳಗೆ ಮುಗಿಯುತ್ತದೆ. ಆರ್ಡುಯಿನೊದಲ್ಲಿ ಮಿಲಿಸೆಕೆಂಡು ಎಣಿಸುವ 32 ಬಿಟ್‌ನ ಲೆಕ್ಕ 49.7 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ. ‘ಈಗಿನ ಹೊತ್ತು ಇಂತಿಷ್ಟು ದಾಟಿತೇ’ ಎಂದು ಎಚ್ಚರವಿಲ್ಲದೆ ಬರೆದ ಸಾಲು ಐವತ್ತನೇ ದಿನ ಕೈಕೊಡುತ್ತದೆ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ಎಡೆಬಿಡದೆ ಚಾಲೂ ಇದ್ದರೆ ಒಳಗಿನ ಎಣಿಕೆ ತುಂಬಿ ವಿದ್ಯುತ್ ನಿಲ್ಲಿಸಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಚ್ಚರಿಸಿ, ಅದಕ್ಕೆ ಮುಂಚೆಯೇ ಆಫ್ ಮಾಡಿ ಆನ್ ಮಾಡುವಂತೆ ಆದೇಶಿಸಿತು. 1991ರ ಫೆಬ್ರುವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿಯಾಗಿ ಬರೆಯಲು ಬಾರದು. 24 ಬಿಟ್‌ಗೆ ಕತ್ತರಿಸಿದ ಆ ಚೂರು ನೂರು ಗಂಟೆ ಕೂಡಿ ಕೂಡಿ ಸುಮಾರು 0.34 ಸೆಕೆಂಡಿನ ತಪ್ಪಾಗಿತ್ತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ.

ಮೂರು ಗಂಟೆಯ ಲ್ಯಾಬ್ ಅವಧಿಯಲ್ಲಿ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಔಟ್‌ಪುಟ್ ಬಂತು, ಮೇಷ್ಟ್ರು ಸಹಿ ಹಾಕಿದರು, ಲ್ಯಾಬ್ ರೆಕಾರ್ಡ್ ಮುಗಿಯಿತು. ಕಲಿಸುವ ಕ್ರಮದಲ್ಲಿ ಒಂದೇ ಒಂದು ಬದಲಾವಣೆ ಸಾಧ್ಯವಿದ್ದರೆ ಅದು ಇಲ್ಲಿ ಆಗಬೇಕು. ವಿದ್ಯಾರ್ಥಿ ಕಟ್ಟಿದ್ದು ಒಂದು ತಿಂಗಳು ಎಲ್ಲಾದರೂ ತಾನಾಗಿ ನಡೆಯಲಿ, ನಡುನಡುವೆ ಯಾರಾದರೂ ಪ್ಲಗ್ ಕಿತ್ತು ಹಾಕಲಿ, ತಂತಿ ಸಡಿಲಿಸಲಿ, ಪಕ್ಕದಲ್ಲಿ ಮಿಕ್ಸಿ ತಿರುಗಿಸಲಿ. ಅದಕ್ಕೆ ಮೋಟಾರೂ ಬೇಕಿಲ್ಲ. 415 ವೋಲ್ಟಿನ ಫೇಸ್ ತಂತಿಯ ಹತ್ತಿರ ಕಲಿಯುವವರು ಹೋಗಲೇಬಾರದು. ಮೋಟಾರಿನ ಜಾಗದಲ್ಲಿ 12 ವೋಲ್ಟಿನ ಬಲ್ಬು, ಮೂರು ಫೇಸಿಗೆ ಮೂರು ಸ್ವಿಚ್, ಬೋರ್‌ವೆಲ್‌ಗೆ ಒಂದು ಬಕೆಟ್ ಸಾಕು. ಆನ್ ಆಫ್ ಮಾಡುವ ಮಟ್ಟಿಗೆ ಡಬ್ಬಿಗೆ ಮೋಟಾರಿಗೂ ಬಲ್ಬಿಗೂ ವ್ಯತ್ಯಾಸ ತಿಳಿಯದು.

ಹೀಗೆ ತಿಂಗಳು ಕಳೆದವರು ಕೊನೆಗೆ ಆ ಹತ್ತು ಸೆಕೆಂಡನ್ನೇ ಅನುಮಾನದಿಂದ ನೋಡತೊಡಗುತ್ತಾರೆ. ಒಂದು ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗೆ ಹತ್ತಾರು ಪಂಪ್‌ಸೆಟ್ ಇರುತ್ತವೆ. ಎಲ್ಲ ಡಬ್ಬಿಗಳೂ ಕರೆಂಟ್ ಬಂದ ಮೇಲೆ ಹತ್ತೇ ಸೆಕೆಂಡು ಕಾದರೆ ಹನ್ನೊಂದನೇ ಸೆಕೆಂಡಿನಲ್ಲಿ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳುತ್ತವೆ, ಒಂದೊಂದೂ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಕುಸಿದದ್ದನ್ನು ಕಂಡು ಎಲ್ಲ ಡಬ್ಬಿಗಳೂ ಒಟ್ಟಿಗೆ ನಿಲ್ಲಿಸುತ್ತವೆ, ಮತ್ತೆ ಹತ್ತು ಸೆಕೆಂಡು ಕಾಯುತ್ತವೆ, ಮತ್ತೆ ಒಟ್ಟಿಗೆ ಏಳುತ್ತವೆ. ವಿದ್ಯುತ್ ಕಂಪನಿಗಳು ಆಟೊ ಸ್ಟಾರ್ಟರ್ ಎಂಬ ಈ ಡಬ್ಬಿಯನ್ನು ತೆಗೆಯಿರಿ ಎಂದು ರೈತರಿಗೆ ಹೇಳುವುದು ಟಿ.ಸಿ. ಮೇಲೆ ಬೀಳುವ ಈ ಹೊರೆಗೆ ಹೆದರಿಯೇ. ಒಂದೊಂದು ಡಬ್ಬಿಯಲ್ಲೂ ದೋಷವಿಲ್ಲ. ಎಲ್ಲ ಸೇರಿದಾಗ ಟಿ.ಸಿ. ಸುಡುತ್ತದೆ.

ಇದಕ್ಕೆ ಬೇಕಾದ್ದು ಎರಡು ಸಾಲಿನ ಪ್ರೋಗ್ರಾಮ್. ಎಸ್‌ಟಿಎಂ32ರಂಥ ಚಿಪ್‌ಗಳಲ್ಲಿ ತಯಾರಾಗುವಾಗಲೇ ಅಚ್ಚಾದ 96 ಬಿಟ್‌ನ ಗುರುತಿನ ಸಂಖ್ಯೆ ಇರುತ್ತದೆ, ಒಂದರದು ಇನ್ನೊಂದಕ್ಕಿರದು. ಅದರಿಂದ ಕಾಯುವ ಅವಧಿ ಲೆಕ್ಕ ಹಾಕಿದರೆ ಪ್ರತಿ ಡಬ್ಬಿಗೂ ತನ್ನದೇ ಸರದಿ. ರಾತ್ರಿ ಎರಡಕ್ಕೆ ಕರೆಂಟ್ ಬರುತ್ತದೆ, ಟಿ.ಸಿ. ಗುಂಯ್‌ಗುಟ್ಟುತ್ತದೆ. ಹದಿನಾಲ್ಕನೇ ಸೆಕೆಂಡಿಗೆ ಕೆರೆಯಂಚಿನ ಪಂಪ್‌ಹೌಸಿನಲ್ಲಿ ಟಕ್. ಮೂವತ್ತೊಂದಕ್ಕೆ ಮೇಲಿನ ತೋಟದಲ್ಲಿ ಟಕ್. ನಲವತ್ತಕ್ಕೆ ಇನ್ನೊಂದು, ಹುಣಸೇಮರದ ಆಚೆ. ಮೂರು ನಿಮಿಷದೊಳಗೆ ಎಲ್ಲ ಪೈಪುಗಳಲ್ಲೂ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು.